ದಾದೇಸಾಬ ಕಟೆದ ನಡುಗಡ್ಡೆ

ಮಸ್ಕಿಯ ದಾದೇಸಾಬನಿಗೆ ನೀರೆಂದರೆ ಭಯ. ಹೀಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೆ ಅವನಿಗೆ ಅನ್ಯಾಯವಾಗುತ್ತದೆ, ಯಾಕೆಂದರೆ ಈ ಸಂಗತಿಯನ್ನು ಊರಿನಿಂದ ಮುಚ್ಚಿಡಲು ಅವನು ಪಟ್ಟ ಕಷ್ಟ ಸಣ್ಣದಲ್ಲ. ಕುಡಿಯುವ ನೀರಿಗೆ ಅವನು ಹೆದರುತ್ತಿರಲಿಲ್ಲ. ತಂಬಿಗೆಯಿಂದ ಮೈಮೇಲೆ ಸುರಿದುಕೊಳ್ಳುವುದಕ್ಕೂ ಅಡ್ಡಿಯಿರಲಿಲ್ಲ. ನೆಲದ ಮೇಲೆ ತಾನಾಗಿಯೇ ಹರಿದುಹೋಗುವ ನೀರನ್ನು ಕಂಡರೆ ಮಾತ್ರ ಬಂದ ದಾರಿಯಲ್ಲೇ ಹಿಂದೆ ತಿರುಗುತ್ತಿದ್ದ. ಊರ ಮಗ್ಗುಲ ಹಳ್ಳಕ್ಕೆ ಮಳೆಗಾಲದಲ್ಲಿ ಒಂದು ಗೇಣು ನೀರು ಬಂದರೆ ಸಾಕು, ಆಚೆ ದಂಡೆಯ ಗಿರಾಕಿಗಳಿಗೆ ಇವತ್ತು ಉಳಿಗಳೆಲ್ಲ ಮೊಂಡಾಗಿವೆ ಎಂದು ಹೇಳಿ ಕಳಿಸುತ್ತಿದ್ದ.

ಉಳಿ, ಸುತ್ತಿಗೆ ಅವನ ಅನ್ನ. ಬೀಸುಕಲ್ಲು, ಒಳಕಲ್ಲು ಕಟೆಯುವುದು, ಸವೆದು ನುಣುಪಾದ ಹಳೆಯ ಕಲ್ಲಿಗೆ ಮತ್ತೆ ಮುಳ್ಳು ಹೊಡೆದು ಕೊಡುವುದು ಅವನ ಕಸುಬು. ಚೀಲ ಹೆಗಲಿಗೇರಿಸಿ ಸಾಲಗುಂದ, ಮುಕ್ಕುಂದದವರೆಗೂ ನಡೆದುಹೋಗುತ್ತಿದ್ದ. ದಾದೇಸಾಬ ಮುಳ್ಳು ಹೊಡೆದ ಕಲ್ಲಿನಲ್ಲಿ ಬೀಸಿದರೆ ರೊಟ್ಟಿ ಹರಿಯುವುದಿಲ್ಲ ಎಂದು ಹೆಣ್ಣುಮಕ್ಕಳು ಹೇಳುತ್ತಿದ್ದರು. ನಡುವೆ ಕೆಲವು ತಿಂಗಳು ವಳಕಮದಿನ್ನಿ ಕಡೆ ಕಾಲುವೆ ತೋಡುವಲ್ಲಿ ಕಲ್ಲು ಒಡೆಯಲು ಸೇರಿಕೊಂಡ. ಮೇಸ್ತ್ರಿ ಅವನ ಕೆಲಸ ಮೆಚ್ಚಿದ್ದ, ಕೂಲಿಯೂ ಚೆನ್ನಾಗಿತ್ತು. ಒಂದು ದಿನ ಯಾರೋ, ನಾವು ನಿಂತಿದ್ದೇವಲ್ಲ, ಇಲ್ಲಿ ಮುಂದೆ ಎರಡಾಳುದ್ದ ನೀರು ಹರಿಯುತ್ತದೆ ಎಂದರು. ಅವತ್ತೇ ಸಂಜೆ ಹೊಟ್ಟೆನೋವು ಎಂದು ಮನೆಗೆ ಬಂದ ದಾದೇಸಾಬ ಮತ್ತೆ ಅತ್ತ ತಲೆ ಹಾಕಿ ಮಲಗಲಿಲ್ಲ.

ಇಂಥವನಿಗೆ ಹೆಣ್ಣು ಸಿಕ್ಕಿದ್ದು ನಡುಗಡ್ಡೆಯಿಂದ. ದೇವರಿಗೂ ಒಮ್ಮೊಮ್ಮೆ ಹೊತ್ತು ಹೋಗುವುದಿಲ್ಲವೆಂದು ಕಾಣುತ್ತದೆ. ಲಿಂಗಸುಗೂರು ಸೀಮೆಯಲ್ಲಿ ಕೃಷ್ಣಾ ಹೊಳೆ ಎರಡು ಕವಲಾಗಿ ಒಡೆದು ಮತ್ತೆ ಕೂಡುವ ಜಾಗದ ನಡುವೆ ಮೂವತ್ತು ಮನೆಗಳ ಒಂದು ಊರು, ಹುಣಸಿಗಡ್ಡಿ. ಅಲ್ಲಿಗೆ ಹೋಗಬೇಕೆಂದರೆ ಚರ್ಮ ಹೊದಿಸಿದ ಬಿದಿರು ಬುಟ್ಟಿಯಂಥ ಹರಿಗೋಲಿನಲ್ಲಿ ಕೂರಬೇಕು. ಹೆಣ್ಣು ಲಿಂಗಸುಗೂರು ಕಡೆಯವಳು ಎಂದಷ್ಟೇ ಹಿರಿಯರು ದಾದೇಸಾಬನಿಗೆ ಹೇಳಿದ್ದರು. ನಿಜಾಮನ ರಾಜ್ಯದ ಗದ್ದಲವೆಲ್ಲ ತಣ್ಣಗಾದ ಮರುವರ್ಷ, ಅಂದರೆ 1949ರಲ್ಲಿ, ಮದುಮಗನಾಗಿ ದಂಡೆಗೆ ಬಂದು ಹೊಳೆ ನೋಡಿದವನು ಜಾಲಿ ಗಿಡದ ಕೆಳಗೆ ಕೂತುಬಿಟ್ಟ. ವರ ಹೊಳೆ ದಾಟುವುದು ನಮ್ಮ ಮನೆತನದ ಪದ್ಧತಿಯಲ್ಲ ಎಂದ. ಮನೆತನದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು, ಮದುಮಗನ ಮಾತು ತೆಗೆದುಹಾಕಬಾರದೆಂದು ಸುಮ್ಮನಾದರು. ಹೀಗಾಗಿ ಖಾಜಿ ಹರಿಗೋಲಿನಲ್ಲಿ ಬಂದರು, ಮದುಮಗಳು ಹರಿಗೋಲಿನಲ್ಲಿ ಬಂದಳು, ಪಲಾವಿನ ಹಂಡೆಯೂ ತಿರುಗುತ್ತ ತಿರುಗುತ್ತ ಹರಿಗೋಲಿನಲ್ಲೇ ಬಂತು. ಅಳಿಯ ಬಹಳ ಗತ್ತಿನ ಮನುಷ್ಯ ಎಂದು ಗಡ್ಡಿಯವರು ಮಾತಾಡಿಕೊಂಡರು. ಹೆಂಡತಿ ರಾಜಾಬೀ ಕೂಡ ಹಾಗೆಯೇ ತಿಳಿದಳು.

ರಾಜಾಬೀ ಒಳ್ಳೆಯವಳು, ಮಾತಿನ ಮಲ್ಲಿ. ಬೆಳಗ್ಗೆ ಒಲೆ ಹೊತ್ತಿಸುವಾಗ ಶುರುವಾದ ಮಾತು ಸಂಜೆ ಕೋಳಿ ಬುಟ್ಟಿ ಮುಚ್ಚುವವರೆಗೂ ನಡೆಯುತ್ತಿತ್ತು, ಅದರಲ್ಲಿ ಮುಕ್ಕಾಲು ಪಾಲು ಗಡ್ಡಿಯದೇ ಮಾತು. ಗಡ್ಡಿಯ ಗಾಳಿ, ಗಡ್ಡಿಯ ಹುಣಸೆ, ಎಲ್ಲಕ್ಕಿಂತ ಹೆಚ್ಚಾಗಿ ಗಡ್ಡಿಯಲ್ಲಿದ್ದ ಅಪ್ಪನ ಮಹಡಿ ಮನೆ. ಆ ಮಹಡಿ ಮೇಲೆ ನಿಂತರೆ ಹೊಳೆಯ ಎರಡೂ ಕವಲು ಕಾಣುತ್ತವಂತೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ, ದೂರದ ಗಡ್ಡಿ ಅದಕ್ಕಿಂತ ನುಣ್ಣಗಿತ್ತು. ದಾದೇಸಾಬ ಉಳಿ ಮಸೆಯುತ್ತ ಎಲ್ಲವನ್ನೂ ಕೇಳುತ್ತಿದ್ದ, ಅವನಿಗೆ ಆ ಮಾತೆಂದರೆ ಜೀವ.

ಕಷ್ಟ ಬರುತ್ತಿದ್ದುದು ಕಾರಹುಣ್ಣಿಮೆಗೆ. ಪಂಚಮಿ ಜೋಕಾಲಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಆ ಸೀಮೆಯಲ್ಲಿ ಹಿಂದೂ ಮುಸ್ಲಿಂ ಎನ್ನದೆ ಎಲ್ಲರಿಗೂ ಇದ್ದ ಪದ್ಧತಿ. ಬೇರೆ ಊರಿನವರು ಎಂಟು ದಿನಕ್ಕೆ ಹೋಗಿ ಬರುತ್ತಾರೆ. ಗಡ್ಡಿಗೆ ಮಾತ್ರ ಹೊಳೆ ತುಂಬುವ ಮೊದಲೇ, ಕಾರಹುಣ್ಣಿಮೆಗೇ ಹೋಗಬೇಕು. ಹೊಳೆ ಬಂತೆಂದರೆ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿಬಿಡುತ್ತಾರೆ, ಇನ್ನು ದಸರೆಯವರೆಗೆ ಹೋಗುವವರಿಲ್ಲ, ಬರುವವರಿಲ್ಲ. ಎಂಟು ದಿನದ ಹಬ್ಬಕ್ಕೆ ನಾಲ್ಕು ತಿಂಗಳು. ಆ ನಾಲ್ಕು ತಿಂಗಳು ದಾದೇಸಾಬ ತಾನೇ ರೊಟ್ಟಿ ಬಡಿದುಕೊಳ್ಳುತ್ತಿದ್ದ. ಒಮ್ಮೆ ಅದರಲ್ಲೊಂದನ್ನು ಬೀದಿ ನಾಯಿಗೆ ಹಾಕಿದರೆ ನಾಯಿ ಮೂಸಿ ನೋಡಿ ಅದರ ಮೇಲೆ ಕೂತುಕೊಂಡಿತು. ರೊಟ್ಟಿಯದು ಹೇಗೋ ನಡೆಯುತ್ತಿತ್ತು. ಮನೆಯಲ್ಲಿ ಮಾತಿಲ್ಲದ್ದನ್ನು ಅವನಿಂದ ತಾಳಲಾಗುತ್ತಿರಲಿಲ್ಲ. ಹಬ್ಬಕ್ಕೆ ನೀವೂ ಬನ್ನಿ ಎಂದು ಮಾವ ಮಕ್ತುಮ್‌ಸಾಬ್ ಪ್ರತಿವರ್ಷ ಹೇಳಿ ಕಳಿಸುತ್ತಿದ್ದ. ಇವನು ಪ್ರತಿವರ್ಷ ಒಂದು ನೆವ ಹೇಳುತ್ತಿದ್ದ, ರಾಜಾಬೀ ಆ ನೆವವನ್ನು ತಕ್ಷಣ ಒಪ್ಪಿಬಿಡುತ್ತಿದ್ದಳು. ಇಷ್ಟು ಬೇಗ ಯಾಕೆ ಒಪ್ಪುತ್ತಾಳೆ ಎಂದು ಅವನು ಒಮ್ಮೆಯೂ ಯೋಚಿಸಲಿಲ್ಲ. ಬಚಾವಾದವನು ಅದನ್ನೆಲ್ಲ ಯೋಚಿಸುವುದಿಲ್ಲ.

ನಾಲ್ಕನೆಯ ಮಳೆಗಾಲವನ್ನೂ ಹೀಗೆ ಕಳೆದಾಗ ಅವನಿಗೊಂದು ದಾರಿ ಹೊಳೆಯಿತು. ಹೆಂಡತಿ ಗಡ್ಡಿಗೆ ಹೋಗಬಾರದೆಂದರೆ ಗಡ್ಡಿಯೇ ಮಸ್ಕಿಗೆ ಬರಬೇಕು. ಮನೆಯ ಮಗ್ಗುಲಲ್ಲಿ ಸಂತೆಗೆ ಹೋಗುವ ದಾರಿಗೆ ಹೊಂದಿಕೊಂಡು ಒಂದು ದೊಡ್ಡ ಹಾಸುಬಂಡೆಯಿತ್ತು. ದೀಪಾವಳಿಯ ಮರುದಿನ ಅದರ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಉಳಿ ಇಟ್ಟ. ರಾಜಾಬೀ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತ ಹೇಳುವುದು, ಇವನು ಕಟೆಯುವುದು. ಗಡ್ಡಿಯನ್ನು ಕಣ್ಣಾರೆ ಕಾಣದ ಮನುಷ್ಯ ಗಡ್ಡಿ ಕಟೆಯುತ್ತಿದ್ದಾನೆಂದು ಸಂತೆಗೆ ಹೋಗುವವರು ನಿಂತು ನಿಂತು ನೋಡುತ್ತಿದ್ದರು.

ಹುಟ್ಟಿದಾಗಿನಿಂದ ಬೀಸುಕಲ್ಲು, ಒಳಕಲ್ಲು ಬಿಟ್ಟು ಬೇರೇನೂ ಕಟೆದವನಲ್ಲ. ಹಾಗಾಗಿ ಗಡ್ಡಿಯ ಹೊಲಗಳೆಲ್ಲ ಬೀಸುಕಲ್ಲಿನ ಹಾಗೆ ಮುಳ್ಳು ಮುಳ್ಳಾದವು, ಬಾವಿಗಳು ಒಳಕಲ್ಲಾದವು, ಹುಣಸೆ ಮರಗಳು ರುಬ್ಬುವ ಗುಂಡಾದವು. ಆಕಳು ಕಟೆಯಲು ಹೋದ, ಅದು ಒನಕೆಗೆ ಕೊಂಬು ಬಂದಂತಾಯಿತು. ಸುತ್ತ ಒಂದು ಗೇಣು ಆಳದ ಕಾಲುವೆ ಹೊಡೆದು ಅದೇ ಕೃಷ್ಣಾ ಹೊಳೆ ಎಂದ. ಮಹಡಿ ಮನೆಯನ್ನು ಮಾತ್ರ ಮನಸ್ಸಿಟ್ಟು ಮಾಡಿದ. ಮೆಟ್ಟಿಲು ತೆಗೆದ, ಕಮಾನು ತೆಗೆದ, ಮೇಲೆ ಮೂರು ಕಿಟಕಿ ಇಟ್ಟ. ಉಳಿದ ಇಪ್ಪತ್ತೊಂಬತ್ತು ಮನೆಗಳು ಅದರ ಸುತ್ತ ಕಡಲೆಕಾಳಿನಷ್ಟಿದ್ದವು. ಸಂಕ್ರಾಂತಿಗೆ ಕೆಲಸ ಮುಗಿಯಿತು. ರಾಜಾಬೀ ಬಂಡೆಯ ಸುತ್ತ ಮೂರು ಸುತ್ತು ತಿರುಗಿ, ಗಾಳಿ ಒಂದು ಇಲ್ಲ, ಅಷ್ಟೇ ಎಂದಳು. ಈ ವರ್ಷ ಇವಳು ಹೋಗಲಾರಳು ಎಂದು ದಾದೇಸಾಬನಿಗೆ ಕುಣಿಯುವಷ್ಟು ಸಂತೋಷವಾಯಿತು.

ಮುಂದಿನ ಸಂತೆಗೆ ಮಕ್ತುಮ್‌ಸಾಬ್ ಬಂದ. ಅಳಿಯ ಕೈಹಿಡಿದು ಬಂಡೆಯ ಹತ್ತಿರ ಕರೆದೊಯ್ದ. ಮುದುಕ ಕಮಾನು ನೋಡಿದ, ಮೆಟ್ಟಿಲು ನೋಡಿದ, ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತ ಮಗಳನ್ನು ನೋಡಿದ.

"ಅಳಿಯಂದಿರ," ಎಂದ ಕೊನೆಗೆ, "ಬಡಗಣದ ಕಡೆ ಇನ್ನೊಂದು ಕಿಟಕಿ ಬಿಟ್ಟೀರಿ."

ದಾದೇಸಾಬ ಅಲ್ಲೇ ಕೂತು ನಾಲ್ಕನೆಯ ಕಿಟಕಿ ತೆಗೆದುಕೊಟ್ಟ. ರಾಜಾಬೀ ಒಳಗೆ ಹೋಗಿ ಅತ್ತಳು. ಅಪ್ಪ ಬಂದ ಖುಷಿಗೆ ಅಳುತ್ತಾಳೆ ಎಂದುಕೊಂಡ.

ಅದರ ಮುಂದಿನ ಸಂತೆಗೆ ಗಡ್ಡಿಯ ಗೌಡ ಅಮರಗುಂಡಪ್ಪ ಬಂದ. ರಾಜಾಬೀ ನೀರಿಗೆ ಹೋಗಿದ್ದಳು. ಗೌಡ ಬಂಡೆಯ ಮೇಲೆ ತನ್ನ ಮನೆ ಹುಡುಕಿದ. ಬಾಗಿ, ಕೂತು, ಕಡೆಗೆ ಬೆರಳಿನಿಂದ ಮುಟ್ಟಿ ಹುಡುಕಿದ. ಆಮೇಲೆ ಕೇಳಿದ, ಮಕ್ತುಮ್‌ಸಾಬನ ಜೋಪಡಿಗೆ ಮಹಡಿ ಬಂದದ್ದು ಯಾವಾಗ, ತನ್ನ ಕಲ್ಲಿನ ಮನೆ ಕಡಲೆಕಾಳು ಆದದ್ದು ಯಾವಾಗ? ಅವನ ಸಿಟ್ಟಿಗೆ ಕಾರಣವೂ ಇತ್ತು. ಮಸ್ಕಿಯ ಗುಡ್ಡದಲ್ಲಿ ಹಿಂದಿನ ಯಾವನೋ ಅರಸ ಬರೆಸಿದ ಬಂಡೆಯಿದೆ, ಅದನ್ನು ನೋಡಲು ಹೈದರಾಬಾದಿನಿಂದ ಸಾಹೇಬರು ಮೋಟಾರಿನಲ್ಲಿ ಬರುತ್ತಾರೆ. ಮಸ್ಕಿಯ ಕಲ್ಲಿನಲ್ಲಿ ಇದ್ದದ್ದನ್ನೆಲ್ಲ ಸರ್ಕಾರ ನಂಬುತ್ತದೆ ಎನ್ನುವುದು ಗಡ್ಡಿಯವರ ಲೆಕ್ಕ. ನಾಳೆ ಆ ಸಾಹೇಬರು ಈ ಬಂಡೆಯನ್ನೂ ನೋಡಿದರೆ, ಹುಣಸಿಗಡ್ಡಿಗೆ ಮಕ್ತುಮ್‌ಸಾಬನೇ ಗೌಡ ಎಂದು ಬರೆದುಕೊಂಡು ಹೋಗುವುದಿಲ್ಲವೇ?

ದಾದೇಸಾಬನ ಕಿವಿಗೆ ಇದರಲ್ಲಿ ಬಿದ್ದದ್ದು ಜೋಪಡಿ ಎಂಬ ಒಂದೇ ಮಾತು. ಮಾವ ಕೇಳಿದ ಕಿಟಕಿ, ಹೆಂಡತಿಯ ಅಳು, ಅವಳು ನೆವಗಳನ್ನು ಒಪ್ಪುತ್ತಿದ್ದ ರೀತಿ, ಎಲ್ಲ ಒಟ್ಟಿಗೆ ಅರ್ಥವಾಯಿತು. ಒಂದು ಗಳಿಗೆ ಸಿಟ್ಟು ಬಂತು. ಇನ್ನೊಂದು ಗಳಿಗೆಗೆ ಮನೆತನದ ಪದ್ಧತಿ ಎಂದು ತಾನು ಜಾಲಿ ಗಿಡದ ಕೆಳಗೆ ಕೂತದ್ದು ನೆನಪಾಗಿ ಸಿಟ್ಟು ಇಳಿಯಿತು. ರಾಜಾಬೀ ಕೊಡ ಹೊತ್ತು ಬರುವುದು ಕಂಡಿತು. ಗೌಡ ಇನ್ನೊಮ್ಮೆ ಬಾಯಿ ತೆಗೆದರೆ ಅವಳ ಮಾನ ಹೋಗುತ್ತದೆ.

"ಗೌಡ್ರ," ಎಂದ ಮೆಲ್ಲಗೆ, "ನಿಮಗೂ ಒಂದು ಮಹಡಿ ಇಡ್ತೀನಿ, ಸುಮ್ಮಕಿರ್ರಿ."

ಇಲ್ಲಿ ಕಲ್ಲಿನ ಕಸುಬಿನ ಒಂದು ಮಾತು ಹೇಳಬೇಕು. ಮಣ್ಣಾದರೆ ಮೆತ್ತಬಹುದು, ಕಲ್ಲಿನಲ್ಲಿ ತೆಗೆಯಬಹುದೇ ಹೊರತು ಹಚ್ಚಲಾಗುವುದಿಲ್ಲ. ಗೌಡನ ಮನೆ ಎತ್ತರವಾಗಬೇಕಾದರೆ ಅದರ ಸುತ್ತಲ ನೆಲ ತಗ್ಗಬೇಕು. ತಗ್ಗಿಸಿದ. ಗೌಡನಿಗೆ ಮಹಡಿ ಬಂದ ಸುದ್ದಿ ಗಡ್ಡಿಗೆ ಮುಟ್ಟಿತು. ಅಲ್ಲಿಂದ ಪ್ರತಿ ಸಂತೆಗೂ ಒಬ್ಬಿಬ್ಬರು ಬಂದರು, ಒಬ್ಬ ತುಪ್ಪದ ಗಡಿಗೆ ತಂದ, ಒಬ್ಬ ಹುಂಜ ತಂದ, ಒಬ್ಬ ಒಣಮೀನು ತಂದ. ಕೈಯಲ್ಲಿ ಹುಂಜ ಹಿಡಿದು ನಿಂತವನಿಗೆ ಇಲ್ಲ ಎನ್ನುವುದು ಹೇಗೆ? ಒಂದೊಂದು ಮಹಡಿಗೂ ನೆಲ ಒಂದೊಂದು ಬೆರಳು ಇಳಿಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಹುಣಸಿಗಡ್ಡಿಯಲ್ಲಿ ಮೂವತ್ತು ಮಹಡಿ ಮನೆಗಳಿದ್ದವು, ಗಡ್ಡಿಯ ನೆಲ ಮಾತ್ರ ಕೃಷ್ಣಾ ಹೊಳೆಗಿಂತ ಕೆಳಗಿತ್ತು.

ಇದು ದಾದೇಸಾಬನ ಗಮನಕ್ಕೆ ಬಂದಿರಲಿಲ್ಲ. ರೋಹಿಣಿ ಮಳೆ ಒಂದು ಸಂಜೆ ಸುರಿದು ಹೋಯಿತು. ಬೆಳಗ್ಗೆ ನೋಡಿದರೆ ಬಂಡೆಯ ಮೇಲೆ ಗಡ್ಡಿಯೇ ಇಲ್ಲ. ನೀರಿನ ಮೇಲೆ ಮಹಡಿಗಳ ತಲೆ ಮಾತ್ರ ಕಾಣುತ್ತಿದ್ದವು, ಗೌಡನ ಮಹಡಿಯ ಮೇಲೆ ಒಂದು ಕಾಗೆ ಕೂತಿತ್ತು. ಯಾರದೋ ಎಮ್ಮೆ ಬಂದು ಕೃಷ್ಣೆಯನ್ನು ಅರ್ಧ ಕುಡಿದು ಹೋಯಿತು. ಉಳಿದ ನೀರು ಹಾಗೇ ನಿಂತಿತು.

ಮೂರನೆಯ ದಿನ ಅಮರಗುಂಡಪ್ಪ ಗೌಡ ಹರಿಗೋಲಿನ ಅಂಬಿಗ ಸೂಗಪ್ಪನನ್ನು ಕರೆದುಕೊಂಡು ಮಸ್ಕಿಗೆ ಬಂದ. ಹೊಸಪೇಟೆ ಕಡೆ ಆಣೆಕಟ್ಟಿನ ನೀರಿನಲ್ಲಿ ಊರೂರೇ ಮುಳುಗಿ, ದಫ್ತರದಿಂದ ಆ ಊರುಗಳ ಹೆಸರೇ ಹೊಡೆದುಹಾಕಿದ ಸುದ್ದಿ ಆಗ ಎಲ್ಲರ ಬಾಯಲ್ಲಿತ್ತು. ಸಾಹೇಬರು ಬಂದು ಈ ಬಂಡೆ ನೋಡಿ, ಹುಣಸಿಗಡ್ಡಿ ಮುಳುಗಿದೆ ಎಂದು ಬರೆದುಕೊಂಡರೆ ನಾವು ಯಾವ ಊರಿನವರು ಎಂದು ಗೌಡ ಕೇಳಿದ. ಕುಂತು ಕೇಳಿ ಕಟೆದರೆ ಹೀಗೇ ಆಗುತ್ತದೆ, ಕಟೆದವನೇ ಗಡ್ಡಿಗೆ ಬಂದು, ಕಣ್ಣಿನಿಂದ ನೋಡಿ, ಸರಿಮಾಡಬೇಕು ಎಂದು ಪಂಚರ ತೀರ್ಮಾನವಾಗಿತ್ತು. ಕಾರಹುಣ್ಣಿಮೆಯ ದಿನ ಮಧ್ಯಾಹ್ನದವರೆಗೆ ಹರಿಗೋಲು ಕಾಯುತ್ತದೆ.

"ನೀ ಬರದಿದ್ರ," ಎಂದ ಗೌಡ, "ನಿನ್ನ ಮನಿ ಮಂದಿಗೆ ಇನ್ನ ಮ್ಯಾಲ ನಮ್ಮ ಹರಿಗೋಲು ಇಲ್ಲ. ರಾಜಾಬಿಗೂ ಇಲ್ಲ."

ಅವರು ಹೋದ ಮೇಲೆ ದಾದೇಸಾಬನಿಗೆ ತನ್ನ ಅದೃಷ್ಟವನ್ನು ನಂಬಲಾಗಲಿಲ್ಲ. ಯಾವುದಕ್ಕಾಗಿ ಏಳು ತಿಂಗಳು ಬಂಡೆ ಕುಟ್ಟಿದ್ದನೋ ಅದು ತಾನಾಗಿಯೇ ಮನೆಗೆ ಬಂದಿತ್ತು. ಇನ್ನು ರಾಜಾಬೀ ಹೋಗುವಂತಿಲ್ಲ, ಈ ವರ್ಷವಲ್ಲ, ಯಾವ ವರ್ಷವೂ ಇಲ್ಲ. ಅವಳೂ, ನೀವು ಹೋಗಬೇಡಿ, ನನಗೂ ತವರು ಬೇಡ ಎಂದುಬಿಟ್ಟಳು. ಅವತ್ತು ಅವನು ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಉಣ್ಣುವಾಗಲೇ ಅವಳು ತಾಯಿಗೆಂದು ಕೊಂಡಿಟ್ಟಿದ್ದ ಸೀರೆಯನ್ನು ಮಡಿಚಿ ಪೆಟ್ಟಿಗೆಗೆ ಹಾಕಿದ್ದನ್ನು ಕಂಡ. ಮರುದಿನ ಒಲೆ ಹೊತ್ತಿತು, ಮಾತು ಶುರುವಾಗಲಿಲ್ಲ. ಅದರ ಮರುದಿನವೂ ಇಲ್ಲ. ರೊಟ್ಟಿ ಬಂತು, ಪಲ್ಯ ಬಂತು, ತಂಬಿಗೆ ನೀರು ಬಂತು. ರಾಜಾಬೀ ಬಾಗಿಲಲ್ಲಿ ಕೂತು ಬಂಡೆಯ ಮೇಲಿನ ಆ ಮುಳುಗಿದ ಊರನ್ನು ನೋಡುತ್ತಿದ್ದಳು. ನಾಲ್ಕನೆಯ ದಿನ ದಾದೇಸಾಬನಿಗೆ ಸಾಕಾಯಿತು. ಹೆಂಡತಿ ಮನೆಯಲ್ಲಿದ್ದೂ ಮನೆ ಮಳೆಗಾಲದಷ್ಟೇ ಖಾಲಿ ಎಂದರೆ ತಾನು ಗೆದ್ದದ್ದಾದರೂ ಏನು? ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು.

"ಗಂಟು ಕಟ್ಟು," ಎಂದ. "ನಾಳೆ ಕಾರಹುಣ್ಣಿಮಿ. ಇಬ್ರೂ ಹೋಗೂಣು."

ರಾಜಾಬಿಗೆ ಬಾಯಿ ಬಂತು. ಗಡ್ಡಿಯಲ್ಲಿ ಸೊಳ್ಳೆ ಬಹಳ ಎಂದಳು. ಹಾವಿವೆ ಎಂದಳು. ಅಲ್ಲಿನ ನೀರು ನಿಮಗೆ ಒಗ್ಗುವುದಿಲ್ಲ ಎಂದಳು. ಲಿಂಗಸುಗೂರಿನವರೆಗೆ ಮೋಟಾರಿನಲ್ಲಿ, ಅಲ್ಲಿಂದ ದಂಡೆಯವರೆಗೆ ಬಂಡಿಯಲ್ಲಿ ಉದ್ದಕ್ಕೂ ಹೇಳಿದಳು. ಬೇರೆ ವರ್ಷವಾಗಿದ್ದರೆ ಇಷ್ಟರಲ್ಲಿ ಯಾವುದಾದರೂ ಒಂದನ್ನು ಹಿಡಿದು ದಾದೇಸಾಬ ಸಂತೋಷದಿಂದ ಹಿಂದೆ ತಿರುಗುತ್ತಿದ್ದ.

ಹೊಳೆ ಇನ್ನೂ ಬಂದಿರಲಿಲ್ಲ, ಆದರೂ ಅವನ ಪಾಲಿಗೆ ಅದು ಸಮುದ್ರ. ಹರಿಗೋಲಿನಲ್ಲಿ ಕಾಲಿಟ್ಟವನು ನೇರ ತಳಕ್ಕೆ ಕುಸಿದು ಕೂತು, ಕಣ್ಣು ಮುಚ್ಚಿ, ಸೂಗಪ್ಪನ ಎರಡೂ ಕಾಲುಗಳನ್ನು ತಬ್ಬಿಕೊಂಡ. ಇಷ್ಟು ದೊಡ್ಡ ಅಳಿಯಂದಿರು ನನ್ನ ಕಾಲಿಗೆ ಬೀಳುವುದೇ ಎಂದು ಸೂಗಪ್ಪ ಗಾಬರಿಯಾಗಿ ಹುಟ್ಟು ಬಿಟ್ಟ, ಹರಿಗೋಲು ಗಿರಗಿರನೆ ತಿರುಗಿತು. ರಾಜಾಬೀ ಗಂಡನನ್ನು ನೋಡಿದಳು. ಮದುವೆಯ ಜಾಲಿ ಗಿಡ, ನಾಲ್ಕು ವರ್ಷದ ಗತ್ತು, ಎಲ್ಲ ಅಲ್ಲಿ ತಳದಲ್ಲಿ ಗಡಗಡ ನಡುಗುತ್ತಿತ್ತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಸುಸ್ತಾದ ಮೇಲೆ ಅವನ ಪಕ್ಕ ಕೂತಳು.

"ನಮ್ಮಪ್ಪನ ಮನಿ ಮಹಡಿ ಮನಿ ಅಲ್ರಿ," ಎಂದಳು.

"ಗೊತ್ತೈತಿ."

"ಯಾವಾಗಿಂದ?"

"ಗೌಡ ಬಂದ ದಿನದಿಂದ. ನೀ ಮಾತಾಡ್ತಿರು, ಬಿಡಬ್ಯಾಡ. ನೀರಿನ ಸಪ್ಪಳ ಕೇಳಾಕತ್ತೈತಿ."

ರಾಜಾಬೀ ಮಾತಾಡಿದಳು. ಜೋಪಡಿಯ ಬಾಗಿಲು ಎಷ್ಟು ಗಿಡ್ಡ, ಸೂರು ಎಲ್ಲಿ ಸೋರುತ್ತದೆ, ಆಡು ಒಂದೇ, ಅದಕ್ಕೂ ಒಂದು ಕೊಂಬು ಮುರಿದಿದೆ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಆಚೆ ದಂಡೆ ಮುಟ್ಟುವವರೆಗೆ ಹೇಳಿದಳು. ಅಷ್ಟು ವರ್ಷದಲ್ಲಿ ಅವಳು ಹೇಳಿದ ಗಡ್ಡಿಯ ಮಾತುಗಳಲ್ಲಿ ಅವನಿಗೆ ಅತಿ ಚೆಂದ ಕಂಡದ್ದು ಅವು.

ದಂಡೆಯಲ್ಲಿ ಊರೇ ನೆರೆದಿತ್ತು. ಮಕ್ತುಮ್‌ಸಾಬ್ ತನ್ನ ಜೋಪಡಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದ. ದಾದೇಸಾಬ ಅಲ್ಲಿಗೆ ಹೋಗಿ, ಬಾಗಿ ಒಳಗೆ ನೋಡಿ, ಗೌಡನಿಗೂ ಕೇಳುವ ಹಾಗೆ ಹೇಳಿದ.

"ಮಾವಾರ, ಕಲ್ಲಿನಾಗ ನಿಮ್ಮನಿ ಸಣ್ಣದು ಮಾಡೀನಿ."

ಮುದುಕ ಅಳಿಯನ ಹೆಗಲ ಮೇಲೆ ಕೈ ಇಟ್ಟ. ಆಮೇಲೆ ಮುಳುಗಿದ ಊರಿನ ಮಾತು ಬಂತು. ಅದಕ್ಕೇನು, ಬಂಡೆಯ ಅಂಚಿನಲ್ಲಿ ಒಂದು ತೂತು ಹೊಡೆದರೆ ನೀರೆಲ್ಲ ಹರಿದು ಹೋಗುತ್ತದೆ ಎಂದ ದಾದೇಸಾಬ. ಇದನ್ನು ಮಸ್ಕಿಯಲ್ಲೇ ಹೇಳಿದ್ದರೆ ನೀನು ಬರುವುದೇ ಬೇಕಿರಲಿಲ್ಲವಲ್ಲ ಎಂದ ಗೌಡ. ದಾದೇಸಾಬನಿಗೂ ಅದು ಆಗಲೇ ತಿಳಿದದ್ದು.

ಎಂಟನೆಯ ದಿನ ಹೊಳೆ ಬಂತು, ಹರಿಗೋಲು ಬೋರಲು ಬಿತ್ತು. ಆ ಮಳೆಗಾಲ ದಾದೇಸಾಬ ಹೆಂಡತಿಯ ಕೈಯ ರೊಟ್ಟಿ ತಿಂದ, ಪಂಚಮಿಗೆ ಅವಳ ಜೋಕಾಲಿ ತೂಗಿದ, ಗಡ್ಡಿಯ ಮೂವತ್ತೂ ಬೀಸುಕಲ್ಲಿಗೆ ಮುಳ್ಳು ಹೊಡೆದ. ದಸರೆಗೆ ಹೊಳೆ ಇಳಿಯಿತು. ಹೋಗೋಣವೇ ಎಂದು ಸೂಗಪ್ಪ ಕೇಳಿದ. ದೀಪಾವಳಿ ಆಗಲಿ ಎಂದ. ದೀಪಾವಳಿ ಆದ ಮೇಲೆ ಸಂಕ್ರಾಂತಿ ಎಂದ. ಅತ್ತೆ ಮಾವನ ಮೇಲೆ ಎಷ್ಟು ಪ್ರೀತಿ ಎಂದು ಊರವರು ಹೊಗಳಿದರು. ಮರಳಿ ಹೋಗುವುದಕ್ಕೂ ಅದೇ ಹೊಳೆಯನ್ನು ದಾಟಬೇಕಾದದ್ದೇ ಇದಕ್ಕೆ ಕಾರಣ ಎನ್ನುವುದು ರಾಜಾಬಿಗೆ ಮಾತ್ರ ಗೊತ್ತಿತ್ತು, ಅವಳು ಯಾರಿಗೂ ಹೇಳಲಿಲ್ಲ.

ಹೀಗೆ ಮೂರು ವರ್ಷ ಕಳೆದವು. ಮಗಳು ಮೆಹಬೂಬ್‌ಬೀ ಹುಟ್ಟಿ, ನಡೆಯುವುದನ್ನೂ ಹೊಳೆಯಲ್ಲಿ ಮೀನಿನ ಹಾಗೆ ಈಜುವುದನ್ನೂ ಕಲಿತಳು. 1956ರ ಕೊನೆಗೆ, ಬಂಡೆಯ ತೂತು ಯಾವಾಗ ಎಂದು ಗೌಡ ದಿನಾ ಕೇಳತೊಡಗಿದ ಮೇಲೆ, ದಾದೇಸಾಬ ಹರಿಗೋಲು ಹತ್ತಿದ. ಅಷ್ಟರಲ್ಲಿ ನಾಡು ಬದಲಾಗಿತ್ತು. ಹೈದರಾಬಾದ್ ರಾಜ್ಯದಿಂದ ಗಡ್ಡಿಗೆ ಹೋದವನು ಮೈಸೂರು ರಾಜ್ಯಕ್ಕೆ ಮರಳುತ್ತಿದ್ದ. ನಡುಹೊಳೆಯಲ್ಲಿ ಮಗಳು ಬೊಗಸೆ ನೀರು ಎತ್ತಿ ಅಪ್ಪನ ಮುಖಕ್ಕೆ ಎರಚಿದಳು. ದಾದೇಸಾಬ ಬೆಚ್ಚಿ ಕಣ್ಣು ತೆರೆದ. ಸುತ್ತ ಹೊಳೆ, ಎದುರಿಗೆ ನಗುವ ಮಗಳು, ಮಗ್ಗುಲಲ್ಲಿ ಮಾತಾಡುತ್ತಲೇ ಇದ್ದ ರಾಜಾಬೀ. ಮೂರನ್ನೂ ಒಮ್ಮೆ ಚೆನ್ನಾಗಿ ನೋಡಿದ. ನೋಡಿ ಮತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.